ಖಿನ್ನತೆಯ ಬೇರು ಬಾಲ್ಯದಲ್ಲಿದ್ದರೆ ಮಾತ್ರೆಯೊಂದೇ ಸಾಕೆ?

ಖಿನ್ನತೆಗೆ ಚಿಕಿತ್ಸೆ ಬಯಸಿ ಬಂದವರನ್ನು ವೈದ್ಯರು ನಿದ್ರೆ, ಹಸಿವು, ಉದ್ಯೋಗದ ಬಗ್ಗೆ ವಿಚಾರಿಸುತ್ತಾರೆ. ಬಾಲ್ಯ ಹೇಗಿತ್ತು ಎಂಬ ಪ್ರಶ್ನೆ ಎಷ್ಟೋ ಸಲ ಉಳಿದೇ ಹೋಗುತ್ತದೆ. ಆದರೆ ಯಾವ ಚಿಕಿತ್ಸೆ ಫಲಿಸುತ್ತದೆ ಎಂಬುದು ಆ ಉತ್ತರವನ್ನೇ ಅವಲಂಬಿಸಿರಬಹುದು ಎನ್ನುತ್ತವೆ ಕೆಲವು ಸಂಶೋಧನೆಗಳು.

ಅಪಾಯ ಎದುರಾದಾಗ ಮೆದುಳಿನ ಹೈಪೊಥಲಾಮಸ್, ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ. ಅದು ಸ್ರವಿಸುವ ಎಸಿಟಿಎಚ್ ಹಾರ್ಮೋನು, ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸೋಲ್ ಬಿಡುಗಡೆ ಮಾಡಿಸುತ್ತದೆ. ಅಪಾಯ ಕಳೆದ ಮೇಲೆ ಈ ವ್ಯವಸ್ಥೆ ಶಮನಗೊಳ್ಳಬೇಕು. ನೆನಪಿಗೆ ಆಧಾರವಾದ ಹಿಪ್ಪೊಕ್ಯಾಂಪಸ್ ಇದಕ್ಕೆ ಕಡಿವಾಣ ಹಾಕುವ ಭಾಗಗಳಲ್ಲೊಂದು. ಹೊಡೆತ, ನಿಂದನೆ, ಲೈಂಗಿಕ ದೌರ್ಜನ್ಯಗಳ ನಡುವೆ ಬೆಳೆಯುವ ಮಗುವಿಗೆ ಆ ವಿರಾಮ ದೊರೆಯುವುದಿಲ್ಲ.

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಕ್ರಿಸ್ಟೀನ್ ಹೈಮ್, ಚಾರ್ಲ್ಸ್ ನೆಮೆರೊಫ್ ಮತ್ತಿತರರು 49 ಮಹಿಳೆಯರನ್ನು ಕುರಿತ ಅಧ್ಯಯನವನ್ನು 2000ರಲ್ಲಿ ಪ್ರಕಟಿಸಿದರು. ಸಭಿಕರ ಮುಂದೆ ಮಾತನಾಡುವ, ಬಾಯಿಲೆಕ್ಕ ಹೇಳುವ ಪರೀಕ್ಷೆಯನ್ನು ಅವರಿಗೆ ಒಡ್ಡಲಾಗಿತ್ತು. ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿ, ಖಿನ್ನತೆಯಿಂದಲೂ ಬಳಲುತ್ತಿದ್ದವರಲ್ಲಿ ಎಸಿಟಿಎಚ್ ಪ್ರತಿಕ್ರಿಯೆ ಆರೋಗ್ಯವಂತರಿಗಿಂತ ಆರು ಪಟ್ಟಿಗೂ ಅಧಿಕವಾಗಿತ್ತು. 2002ರ ಮತ್ತೊಂದು ಅಧ್ಯಯನದಲ್ಲಿ ಇಂಥ ಮಹಿಳೆಯರ ಎಡಭಾಗದ ಹಿಪ್ಪೊಕ್ಯಾಂಪಸ್, ದೌರ್ಜನ್ಯಕ್ಕೆ ಒಳಗಾಗದ ಖಿನ್ನತೆಯ ರೋಗಿಗಳದ್ದಕ್ಕಿಂತ ಸರಾಸರಿ ಶೇ 18ರಷ್ಟು ಚಿಕ್ಕದಾಗಿತ್ತು. ಒಂದೇ ಹೆಸರಿನ ಕಾಯಿಲೆಯ ಹಿಂದೆ ಬೇರೆ ಬೇರೆ ದಾರಿಗಳಿರಬಹುದು ಎಂಬ ಅನುಮಾನ ಇದರಿಂದ ಬಲಗೊಂಡಿತು.

ಇವು ಸಣ್ಣ ಅಧ್ಯಯನಗಳು. ಮೆದುಳಿನ ಈ ವ್ಯತ್ಯಾಸ ಒತ್ತಡದ ಪರಿಣಾಮವೋ, ಮೊದಲೇ ಇದ್ದ ದೌರ್ಬಲ್ಯವೋ ಎಂಬುದು ಇವುಗಳಿಂದಲೇ ಇತ್ಯರ್ಥವಾಗುವುದಿಲ್ಲ. ಆದರೆ ದೀರ್ಘಕಾಲದ ಖಿನ್ನತೆಯ 681 ರೋಗಿಗಳ ಮಾಹಿತಿ ಆಧರಿಸಿ 2003ರಲ್ಲಿ ಪ್ರಕಟವಾದ ವಿಶ್ಲೇಷಣೆಯನ್ನು ಕಡೆಗಣಿಸುವಂತಿಲ್ಲ. ಬಾಲ್ಯದಲ್ಲಿ ಆಘಾತ ಅನುಭವಿಸಿದವರಿಗೆ ಔಷಧವೊಂದಕ್ಕಿಂತ ಮನೋಚಿಕಿತ್ಸೆಯೇ ಹೆಚ್ಚು ಫಲ ನೀಡಿತ್ತು. ಎರಡನ್ನೂ ಜೊತೆಯಾಗಿ ಕೊಟ್ಟಾಗ ದೊರೆತ ಹೆಚ್ಚುವರಿ ಲಾಭ ಅಲ್ಪ.

ಭಾರತದಲ್ಲಿ ಈ ಪ್ರಶ್ನೆಯ ವ್ಯಾಪ್ತಿ ದೊಡ್ಡದು. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ 2007ರ ಅಧ್ಯಯನದಲ್ಲಿ ಪ್ರತಿ ಮೂವರು ಮಕ್ಕಳಲ್ಲಿ ಇಬ್ಬರು ದೈಹಿಕ ಹಿಂಸೆಗೆ ತುತ್ತಾಗಿದ್ದು ಕಂಡುಬಂದಿತ್ತು. ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, 20 ವಯಸ್ಕರಲ್ಲಿ ಒಬ್ಬರು ಜೀವನದ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆಗೆ ಒಳಗಾಗುತ್ತಾರೆ. ಎರಡೂ ಅಧ್ಯಯನಗಳಿಗೆ ಆಯ್ದುಕೊಂಡ ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ.

2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ (14416) ಮೊದಲ ಆಸರೆಯಾಗಬಲ್ಲದು. ಆದರೆ ಮನೋಚಿಕಿತ್ಸೆಗೆ ತರಬೇತಿ ಪಡೆದ ಸಿಬ್ಬಂದಿ ಬೇಕು, ವಾರಗಟ್ಟಲೆ ಸಮಯ ಬೇಕು. ಹೊರರೋಗಿಗಳ ಸಾಲು ಬೆಳೆದಷ್ಟೂ ಮಾತ್ರೆಯ ಚೀಟಿಯೇ ಸುಲಭದ ದಾರಿಯಾಗುತ್ತದೆ. ಬಾಲ್ಯದ ಬಗ್ಗೆ ಒಂದು ಪ್ರಶ್ನೆ ಕೇಳಲು ಹೆಚ್ಚಿನ ವೆಚ್ಚವಿಲ್ಲ. ಉತ್ತರ ‘ಹೌದು’ ಎಂದಾದಾಗ ರೋಗಿಯನ್ನು ಯಾರ ಬಳಿಗೆ ಕಳುಹಿಸಬೇಕು ಎಂಬ ವ್ಯವಸ್ಥೆಯನ್ನು ಜಿಲ್ಲಾ ಆಸ್ಪತ್ರೆಗಳ ಮಟ್ಟದಲ್ಲಿ ರೂಪಿಸುವ ಹೊಣೆ ಸರ್ಕಾರದ್ದು.