ಬೆರೆಯದ ಪ್ಲಾಸ್ಟಿಕ್‌ಗೆ ಬೆಸುಗೆಯ ರಸಾಯನ

ಪ್ಲಾಸ್ಟಿಕ್ ತ್ಯಾಜ್ಯದ ಚರ್ಚೆ ನಮ್ಮಲ್ಲಿ ಸಾಮಾನ್ಯವಾಗಿ ನಾಗರಿಕರ ಬೇಜವಾಬ್ದಾರಿ ಮತ್ತು ಪಾಲಿಕೆಗಳ ವೈಫಲ್ಯದ ಸುತ್ತಲೇ ಗಿರಕಿ ಹೊಡೆಯುತ್ತದೆ. ಎರಡೂ ನಿಜವೇ. ಆದರೆ ಈ ಸಮಸ್ಯೆಯ ಒಂದು ಬೇರು ರಸಾಯನ ವಿಜ್ಞಾನದಲ್ಲಿಯೂ ಇದೆ ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಹಾಲಿನ ಪೊಟ್ಟಣದ ಪಾಲಿಎಥಿಲೀನ್ ಹಾಗೂ ಡಬ್ಬಿ, ಮುಚ್ಚಳಗಳ ಪಾಲಿಪ್ರೊಪಿಲೀನ್ ಎರಡೂ ಇಂಗಾಲ ಮತ್ತು ಜಲಜನಕದಿಂದಲೇ ಆದ ಸೋದರ ವಸ್ತುಗಳು. ಆದರೂ ಕರಗಿಸಿ ಕಲಸಿದರೆ ಅವು ಒಂದಾಗುವುದಿಲ್ಲ. ಅಣುಗಳ ಸರಪಳಿ ಉದ್ದವಾದಷ್ಟೂ ಬೆರೆಯುವ ಪ್ರವೃತ್ತಿ ಕುಗ್ಗುತ್ತದೆ; ತಣಿದ ಮೇಲೆ ಎರಡರ ಗಡಿಯಲ್ಲೇ ವಸ್ತು ಬಿರುಕು ಬಿಡುತ್ತದೆ. ಬೇರ್ಪಡಿಸದ ಪ್ಲಾಸ್ಟಿಕ್‌ನಿಂದ ಗಟ್ಟಿಮುಟ್ಟಾದ ಸರಕು ತಯಾರಾಗದಿರಲು ಇದೊಂದು ಮುಖ್ಯ ಕಾರಣ. 2015ರ ವೇಳೆಗೆ ಜಗತ್ತಿನಲ್ಲಿ ಉತ್ಪತ್ತಿಯಾಗಿದ್ದ ಸುಮಾರು 630 ಕೋಟಿ ಟನ್ ಪ್ಲಾಸ್ಟಿಕ್ ತ್ಯಾಜ್ಯದಲ್ಲಿ ಮರುಬಳಕೆಯಾದದ್ದು ಶೇ 9ರಷ್ಟು ಮಾತ್ರ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತ್ತು.

ಅದೇ ವರ್ಷ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೆಫ್ರಿ ಕೋಟ್ಸ್ ಮತ್ತು ಮಿನ್ನೆಸೋಟ ವಿಶ್ವವಿದ್ಯಾಲಯದ ಫ್ರಾಂಕ್ ಬೇಟ್ಸ್ ಅವರ ತಂಡಗಳು ಜಂಟಿಯಾಗಿ ಒಂದು ಪರಿಹಾರವನ್ನು ಮುಂದಿಟ್ಟವು. ಒಂದೇ ಸರಪಳಿಯಲ್ಲಿ ಈ ಎರಡೂ ಪಾಲಿಮರ್‌ಗಳ ತುಂಡುಗಳನ್ನು ಒಂದಾದ ಮೇಲೊಂದರಂತೆ ಪೋಣಿಸಿದ 'ಬ್ಲಾಕ್ ಕೋಪಾಲಿಮರ್' ಅದು. ಅದರ ತುಂಡುಗಳು ಗಡಿಯ ಎರಡೂ ಬದಿಗೆ ಇಳಿದು ತಮ್ಮ ತಮ್ಮ ಬಂಧುಗಳೊಡನೆ ಬೇರೂರುತ್ತವೆ; ಕೌದಿಯ ಹೊಲಿಗೆಯಂತೆ ಎರಡನ್ನೂ ಹಿಡಿದಿಡುತ್ತವೆ. ನಾಲ್ಕು ತುಂಡುಗಳ ಕೋಪಾಲಿಮರನ್ನು ಶೇ 1ರಷ್ಟು ಸೇರಿಸಿದಾಗಲೇ, ಸುಲಭವಾಗಿ ಮುರಿಯುತ್ತಿದ್ದ ಮಿಶ್ರಣ ಗಟ್ಟಿಯಾಯಿತು.

ಇದು ದಿಢೀರನೆ ಒದಗಿದ ಫಲವಲ್ಲ. ಸರಪಳಿಯ ತುದಿಯನ್ನು 'ಜೀವಂತ'ವಾಗಿ ಉಳಿಸಿಕೊಂಡು ಅದಕ್ಕೆ ಬೇರೊಂದು ಪಾಲಿಮರನ್ನು ಜೋಡಿಸಬಹುದೆಂದು ಮೈಕೆಲ್ ಶ್ವಾರ್ಟ್ಸ್ ತೋರಿಸಿದ್ದು 1956ರಲ್ಲಿ. ಪಾದರಕ್ಷೆಯ ಅಟ್ಟೆಗೂ ರಸ್ತೆಯ ಡಾಂಬರಿಗೂ ಬಳಕೆಯಾಗುವ ಸ್ಟೈರೀನ್-ಬ್ಯುಟಡೈಯೀನ್ ಬ್ಲಾಕ್ ಕೋಪಾಲಿಮರ್‌ಗಳು ಆ ದಾರಿಯಲ್ಲೇ ಬಂದವು. ತಕ್ಷಣದ ಲಾಭವನ್ನು ಲೆಕ್ಕಿಸದೆ ದಶಕಗಳ ಕಾಲ ನಡೆದ ಮೂಲ ಸಂಶೋಧನೆಯೇ ಇದರ ಬುನಾದಿ.

ಹಾಗೆಂದು ಇದನ್ನು ಸಂಜೀವಿನಿ ಎಂದು ಭಾವಿಸಬೇಕಿಲ್ಲ. ಪ್ರಯೋಗಾಲಯದ ಶುದ್ಧ ವಸ್ತುವೇ ಬೇರೆ, ಬಣ್ಣ, ಜಿಡ್ಡು, ಅಲ್ಯೂಮಿನಿಯಂ ಪದರ ಮೆತ್ತಿಕೊಂಡ ಬೀದಿಯ ಕಸವೇ ಬೇರೆ. ಇಂಥ ಕೋಪಾಲಿಮರ್ ತಯಾರಿಕೆಗೆ ಬೇಕಾದ ವಿಶೇಷ ವೇಗವರ್ಧಕಗಳೂ ಅಗ್ಗವಲ್ಲ. ಮೂಲದಲ್ಲೇ ಕಸ ವಿಂಗಡಿಸುವುದಕ್ಕಾಗಲಿ, ಅನಗತ್ಯ ಪ್ಲಾಸ್ಟಿಕ್ ತಯಾರಿಕೆಯನ್ನು ತಗ್ಗಿಸುವುದಕ್ಕಾಗಲಿ ಇದು ಪರ್ಯಾಯವಾಗದು.

ಕರ್ನಾಟಕ 2016ರಲ್ಲಿ, ಕೇಂದ್ರ ಸರ್ಕಾರ 2022ರಲ್ಲಿ ಹಲವು ಬಗೆಯ ಪ್ಲಾಸ್ಟಿಕ್ ಸಾಮಗ್ರಿಗಳನ್ನು ನಿಷೇಧಿಸಿದವು. ಪ್ಯಾಕೇಜಿಂಗ್ ತ್ಯಾಜ್ಯದ ಹೊಣೆಯನ್ನು ಉತ್ಪಾದಕರಿಗೇ ವಹಿಸುವ ಮಾರ್ಗಸೂಚಿಯೂ 2022ರಲ್ಲೇ ಬಂತು. ನಿಷೇಧ ಮತ್ತು ದಂಡಗಳ ಜತೆಗೆ ವಿಜ್ಞಾನಕ್ಕೂ ಜಾಗ ಸಿಗಬೇಕು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಪಾಲಿಮರ್ ವಿಜ್ಞಾನದ ಪರಿಣತಿಗೆ ಕೊರತೆಯಿಲ್ಲ. ನಮ್ಮ ಕಸದ ಸ್ವರೂಪಕ್ಕೆ ಹೊಂದುವ, ನಮ್ಮ ಸಣ್ಣ ಮರುಬಳಕೆ ಘಟಕಗಳ ಕೈಗೆಟಕುವ ಬೆಸುಗೆಯನ್ನು ರೂಪಿಸುವ ಕೆಲಸವನ್ನು ದೀರ್ಘಾವಧಿ ಅನುದಾನದೊಡನೆ ಅಲ್ಲಿಗೆ ಒಪ್ಪಿಸಬೇಕು. ಪ್ಯಾಕೇಜಿಂಗ್‌ನಿಂದ ಲಾಭ ಗಳಿಸುವ ಉದ್ಯಮಗಳು ಅದರ ವೆಚ್ಚದಲ್ಲಿ ಪಾಲು ಕೊಡುವುದು ನ್ಯಾಯ. ಕಸವನ್ನು ಆಯ್ದು ಬದುಕುವವರಿಗೆ ಇಂದು ಬೆಲೆಯಿಲ್ಲದ ಪ್ಲಾಸ್ಟಿಕ್‌ಗೆ ಬೆಲೆ ಬರುವುದಾದರೆ, ಆ ಹಣ ಸಾರ್ಥಕ.