ಉಪಚಾರದೊಳಗಿನ ಹೊಗೆಸೊಪ್ಪು

"ಓಡಿ ಹೋಗಿ ಒಂದು ಕಟ್ಟು ಬೀಡಿ ತಗೊಂಡು ಬಾ ಮಗ, ಉಳಿದ ಚಿಲ್ಲರೆಗೆ ಪೆಪ್ಪರಮೆಂಟು ತಗೋ." ಈ ಮಾತು ಕೇಳದೆ ಬೆಳೆದ ಹಳ್ಳಿಮಕ್ಕಳು ನನ್ನ ತಲೆಮಾರಿನಲ್ಲಿ ಕಡಿಮೆ. ನಾನೂ ಹಾಗೆ ಓಡಿದವನೇ. ಅಂಗಡಿಯವರು "ಯಾರ ಮನೆ ಹುಡುಗ?" ಎಂದು ಕೇಳುತ್ತಿದ್ದುದು ಸಾಲದ ಲೆಕ್ಕ ಬರೆಯುವುದಕ್ಕೇ ಹೊರತು ವಯಸ್ಸು ತಿಳಿಯುವುದಕ್ಕಲ್ಲ. ಕೋಟ್ಪಾ ಎಂದು ಕರೆಯುವ 2003ರ ಕೇಂದ್ರ ಕಾಯ್ದೆಯಲ್ಲಿ ಮಕ್ಕಳಿಗೆ ಹೀಗೆ ಮಾರುವುದು ಅಪರಾಧ. ಕರ್ನಾಟಕದ ತಿದ್ದುಪಡಿ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮೇಲಂತೂ 18 ಇದ್ದ ವಯಸ್ಸಿನ ಮಿತಿ 21ಕ್ಕೆ ಏರಿದೆ. ಆದರೂ ಆ ಮಾತು ಊರುಗಳಲ್ಲಿ ಇನ್ನೂ ಕೇಳುತ್ತದೆ. ಮಾರಿದವರಿಗೆ ದಂಡ ಹಾಕಬಹುದು, ಸರಿ. ಮಗುವನ್ನು ಕಳಿಸಿದ್ದು ಮಾತ್ರ ಅಂಗಡಿಯವರಲ್ಲ, ಕಂಪನಿಯೂ ಅಲ್ಲ. ಕಳಿಸಿದ್ದು ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಕತೆ ಹೇಳುವ ತಾತ. ತಂಬಾಕಿನ ತಡೆಗೆ ಊರೇ ಮಾಡಬೇಕಾದ, ಸರ್ಕಾರದಿಂದ ಆಗದ ಕೆಲಸ ಎಲ್ಲಿದೆ ಎಂದು ನಾನು ಹುಡುಕಿದಾಗೆಲ್ಲ ಈ ತಾತನೇ ಎದುರಾಗುತ್ತಾನೆ.

ಮೇಲಿನಿಂದ ಬರುವ ನಿಷೇಧ ನಮ್ಮ ನೆಲಕ್ಕೆ ಹೊಸದಲ್ಲ. 1600ರ ಆಸುಪಾಸಿನಲ್ಲಿ ಅಕ್ಬರನ ದೂತನಾಗಿ ಬಂದ ಅಸದ್ ಬೇಗ್ ತಂಬಾಕನ್ನು ಮೊದಲು ಕಂಡದ್ದು ನಮ್ಮ ವಿಜಯಪುರದಲ್ಲೇ, ಆದಿಲಶಾಹಿಗಳ ಊರಿನಲ್ಲಿ. ಅವನೇ ಅದನ್ನು ಮೊಗಲ್ ಆಸ್ಥಾನಕ್ಕೆ ಒಯ್ದ. 1617ರಲ್ಲಿ ಜಹಾಂಗೀರ್ ಅದನ್ನು ನಿಷೇಧಿಸಿದ. ಸೊಪ್ಪು ಹರಡುವುದು ನಿಲ್ಲಲಿಲ್ಲ. ನಮ್ಮ ಕಾಲಕ್ಕೆ ಬಂದರೆ, 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನಕ್ಕೆ ತಡೆ ಬಿತ್ತು. 2013ರ ಮೇ ಕೊನೆಗೆ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. 2017ರಲ್ಲಿ ಬಿಡಿ ಸಿಗರೇಟು ಮಾರಬಾರದೆಂಬ ಆದೇಶ ಹೊರಟಿತು. ಗುಟ್ಕಾ ಹೋದ ಜಾಗಕ್ಕೆ ಪಾನ್ ಮಸಾಲಾದ್ದೊಂದು, ತಂಬಾಕಿನದೊಂದು ಪಾಕೀಟು ಬಂದು ಜೋಡಿಯಾಗಿ ನೇತಾಡಿದವು. ಎರಡನ್ನೂ ಹರಿದು, ಬೆರೆಸಿ, ಬಾಯಿಗೆ ಹಾಕಿಕೊಂಡರೆ ಮತ್ತೆ ಅದೇ ಗುಟ್ಕಾ. ಕಾನೂನು ಬೇಡವೆಂದು ನಾನು ಹೇಳುತ್ತಿಲ್ಲ. ತೆರಿಗೆ, ಜಾಹೀರಾತಿನ ತಡೆ, ಪೊಟ್ಟಣದ ಮೇಲಿನ ಎಚ್ಚರಿಕೆಯ ಚಿತ್ರ, ಇವನ್ನು ಯಾವ ಗ್ರಾಮ ಪಂಚಾಯಿತಿಯೂ ತರಲಾರದು. ಆದರೆ ಅಂಗಡಿ ಕಟ್ಟೆಯ ಮೇಲೆ, ಗದ್ದೆಯ ಬದುವಿನಲ್ಲಿ, ಮನೆಯ ಪಡಸಾಲೆಯಲ್ಲಿ ಕಾನೂನು ಕೂತಿರುವುದಿಲ್ಲ. ಅಲ್ಲಿ ಇರುವವರು ನಾವು.

2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಲೆಕ್ಕದಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇ. 22.8 ಮಂದಿ ತಂಬಾಕು ಬಳಸುತ್ತಾರೆ. ಸೇದುವವರು ಶೇ. 8.8, ಜಗಿಯುವ, ಒಸಡಿಗೆ ಒತ್ತಿಕೊಳ್ಳುವ, ಮೂಗಿಗೇರಿಸುವ ಹೊಗೆರಹಿತ ಬಳಕೆಯವರು ಶೇ. 16.3. ಸೇದುವವರ ಸುಮಾರು ಎರಡರಷ್ಟು ಹೊಗೆಯಿಲ್ಲದ ತಂಬಾಕಿನವರು! ನಮ್ಮ ಗೋಡೆಬರಹಗಳಲ್ಲಿ, ಶಾಲಾ ಮೆರವಣಿಗೆಗಳಲ್ಲಿ ಮಾತ್ರ ಇವತ್ತಿಗೂ ಅಡ್ಡಗೆರೆ ಎಳೆದ ಸಿಗರೇಟಿನದೇ ಚಿತ್ರ. ಎಲೆಯಡಿಕೆ ಚೀಲದ ಮೂಲೆಯಲ್ಲಿ ಕಡ್ಡಿಪುಡಿ ಕಟ್ಟಿಕೊಂಡ ಅಜ್ಜಿ ಆ ಮೆರವಣಿಗೆಯನ್ನು ಜಗಲಿಯ ಮೇಲಿಂದ ನೋಡುತ್ತಾಳೆ. ಅದು ತನಗೆ ಹೇಳಿದ ಮಾತು ಎಂದು ಅವಳಿಗೆ ಅನ್ನಿಸುವುದೇ ಇಲ್ಲ.

ಅನ್ನಿಸದಿರುವುದಕ್ಕೆ ಕಾರಣವಿದೆ. ಹೊಗೆಸೊಪ್ಪು ನಮ್ಮಲ್ಲಿ ಚಟವಾಗುವ ಮುಂಚೆ ಉಪಚಾರವಾಗುತ್ತದೆ. ಬಂದವರ ಮುಂದೆ ತಟ್ಟೆ ಸರಿಸುವುದು, ಕೂಲಿಯ ಜೊತೆಗೆ ಒಂದು ಕಟ್ಟು ಬೀಡಿ ಕೊಡುವುದು, ಸಾವಿನ ಮನೆಯಲ್ಲಿ ರಾತ್ರಿ ಕೂತವರಿಗೆ ಎಲೆಯಡಿಕೆ ಹಂಚುವುದು, ಅಪರಿಚಿತನ ಬೀಡಿಗೆ ಬೆಂಕಿ ಕೊಟ್ಟು ಮಾತಿಗೆ ಶುರುವಿಡುವುದು. ಕೊಡದಿದ್ದರೆ ಜಿಪುಣ, ತಗೊಳ್ಳದಿದ್ದರೆ ಬಿಂಕದವನು. ಈ ಕೊಡುಕೊಳ್ಳುವಿಕೆಯ ಮೇಲೆ ಪೊಲೀಸರನ್ನು ಬಿಡಲಾಗದು. ಅದನ್ನು ನಡೆಸಿಕೊಂಡು ಬಂದವರೇ ಕೂತು ಬದಲಿಸಿಕೊಳ್ಳಬೇಕು, ಬದಲಿಸಿಕೊಳ್ಳಲೂ ಬಹುದು. ಏಕೆಂದರೆ ವೀಳ್ಯದೆಲೆ, ಅಡಿಕೆ, ಸುಣ್ಣ ಈ ನಾಡಿನಲ್ಲಿ ಹೊಗೆಸೊಪ್ಪಿಗಿಂತ ಎಷ್ಟೋ ಶತಮಾನ ಹಳೆಯವು. ಸೊಪ್ಪು ತಟ್ಟೆಗೆ ತಡವಾಗಿ ಬಂದ ನೆಂಟ. ಅದನ್ನು ಎಬ್ಬಿಸಿ ಕಳಿಸಿದರೆ ಸಂಪ್ರದಾಯಕ್ಕೇನೂ ಮುಕ್ಕಾಗದು. (ಅಡಿಕೆಯೂ ನಿರಪಾಯಿಯಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನೂ ಕ್ಯಾನ್ಸರ್‌ಕಾರಕವೆಂದೇ ಹೇಳಿದೆ. ಮಲೆನಾಡಿನ ತೋಟಗಳ ನಡುವೆ ನಿಂತು ಆ ಮಾತಾಡುವುದು ಇನ್ನೂ ಕಷ್ಟ, ಆದರೂ ಆಡಲೇಬೇಕು.)

ಹೆಂಡದ ವಿರುದ್ಧ ಎದ್ದು ನಿಂತ ಹೆಂಗಸರು ತಂಬಾಕಿನ ವಿರುದ್ಧ ಏಕೆ ಏಳುವುದಿಲ್ಲ ಎಂದು ಕೆಲವರು ಕೇಳುತ್ತಾರೆ. ಸಾರಾಯಿ ಕುಡಿದವನು ಮನೆಗೆ ಬಂದು ಹೊಡೆಯುತ್ತಿದ್ದ, ಕೂಲಿಯ ದುಡ್ಡನ್ನೆಲ್ಲ ಒಂದೇ ಸಂಜೆಗೆ ಕರಗಿಸುತ್ತಿದ್ದ. ಆ ಸಿಟ್ಟಿನ ಬಲದಿಂದಲೇ ಹಳ್ಳಿಹಳ್ಳಿಗಳಲ್ಲಿ ಹೆಂಗಸರು ಸಾರಾಯಿ ಅಂಗಡಿಗಳ ಮುಂದೆ ಕೂತರು. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು. ತಂಬಾಕು ಜಗಳ ತರುವುದಿಲ್ಲ. ದಿನಕ್ಕೆ ಹತ್ತು ಇಪ್ಪತ್ತು ರೂಪಾಯಿಯಂತೆ ಸದ್ದಿಲ್ಲದೆ ಕರಗಿಸುತ್ತದೆ, ಬಾಯಲ್ಲಿ ಬಿಳಿ ಮಚ್ಚೆಯಾಗಿ ನೋವಿಲ್ಲದೆ ಕೂರುತ್ತದೆ, ಮೆಣಸಿನಕಾಯಿ ಉರಿಯಿತೆಂದು ಡಾಕ್ಟರ ಬಳಿ ಹೋಗುವ ಹೊತ್ತಿಗೆ ಬಾಯಿ ಮೂರು ಬೆರಳಿನಷ್ಟೂ ತೆರೆಯುತ್ತಿರುವುದಿಲ್ಲ. ಹೊಲದಲ್ಲಿ ಬಗ್ಗಿ ದುಡಿಯುವ ಹೆಂಗಸರಲ್ಲಿ ಎಷ್ಟೋ ಜನರಿಗೆ ಅದೇ ಹಸಿವು ಮರೆಸುವ ಮದ್ದು. ಇಲ್ಲಿ ಸಿಟ್ಟಿನಿಂದ ಚಳವಳಿ ಕಟ್ಟಲಾಗದು.

ಆದ್ದರಿಂದ ಊರೇ ದಂಡ ಹಾಕುವ ದಾರಿಯ ಬಗ್ಗೆ ನನಗೆ ಅಳುಕಿದೆ. ನಾಗಾಲ್ಯಾಂಡಿನ ಗರಿಫೇಮಾ 2014ರಲ್ಲಿ ತಂಬಾಕುಮುಕ್ತ ಗ್ರಾಮವೆಂದು ಘೋಷಣೆಯಾಯಿತು. ಅಲ್ಲಿನ ಗ್ರಾಮ ಪರಿಷತ್ತಿಗೆ ಕಾಯ್ದೆಯ ಬಲವಿದೆ, ಊರವರಲ್ಲಿ ಒಂದು ಬುಡಕಟ್ಟಿನ ಒಗ್ಗಟ್ಟಿದೆ. ಅವರ ತೀರ್ಮಾನ ಅವರಿಗೆ ದಕ್ಕಿತು. ನಮ್ಮ ಹಳ್ಳಿಗಳಲ್ಲಿ ಕೇರಿಗೊಂದು ಕಟ್ಟೆ, ಜಾತಿಗೊಂದು ಮಾತು. ಇಲ್ಲಿ ದಂಡದ ರಸೀತಿ ಹರಿಯುವುದು ಬಸ್‌ಸ್ಟ್ಯಾಂಡಿನಲ್ಲಿ ಬೀಡಿ ಹಚ್ಚಿದ ಕೂಲಿಯವನ ಹೆಸರಿಗೇ. ತೋಟದ ಮನೆಯೊಳಗೆ ಕೂತು ಸೇದುವವರ ಹತ್ತಿರ ಯಾರೂ ಸುಳಿಯರು. ಆರೋಗ್ಯ ಇಲಾಖೆ ನಡೆಸುವ ಗುಲಾಬಿ ಆಂದೋಲನದಲ್ಲಿ ಶಾಲೆಯ ಮಕ್ಕಳು ಅಂಗಡಿಯವರಿಗೂ ಸೇದುವವರಿಗೂ ಹೂ ಕೊಟ್ಟು, "ತಂಬಾಕು ಬಿಡಿ" ಎಂದು ಕೇಳಿಕೊಳ್ಳುತ್ತಾರೆ. ಹೂ ಸಂಜೆಗೆ ಬಾಡುತ್ತದೆ ನಿಜ. ಆದರೂ ಬೀಡಿ ತರಲು ಹೋಗುತ್ತಿದ್ದ ಮಗು ಅವತ್ತು ಬೇರೆ ಮಾತು ಹೊತ್ತು ಹೋಗಿದೆ, ಅಷ್ಟರ ಮಟ್ಟಿಗೆ ಅದು ದಾಳಿಗಿಂತ ಮೇಲು.

ತಂಬಾಕು ಬೆಳೆಯುವ, ಬೀಡಿ ಕಟ್ಟುವ ಊರುಗಳ ಮಾತು ಬೇರೆ. ಪಿರಿಯಾಪಟ್ಟಣ, ಹುಣಸೂರಿನ ರೈತರಿಗೆ ಹರಾಜು ಕಟ್ಟೆಯಲ್ಲಿ ಸಿಗುವ ದುಡ್ಡೇ ವರ್ಷದ ಆಸರೆ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟಿದ ಕೈಗಳು ಎಷ್ಟೋ ಹೆಣ್ಣುಮಕ್ಕಳ ಶಾಲೆಯ ಫೀಸು ಕಟ್ಟಿವೆ, ಮದುವೆ ಮಾಡಿವೆ. ಈ ಮನೆಗಳ ಮುಂದೆ ಹೋಗಿ ತಂಬಾಕು ವಿಷವೆಂದು ಕೂಗುವುದು ಅನ್ಯಾಯ. ಹಸಿ ಎಲೆ ಮುರಿಯುವಾಗ ನಿಕೋಟಿನ್ ಚರ್ಮಕ್ಕಿಳಿದು ತಲೆಸುತ್ತು, ವಾಂತಿ ಬರುತ್ತದೆಂಬುದು, ಬೀಡಿಯ ಪುಡಿ ದಮ್ಮು ತರುತ್ತದೆಂಬುದು ಅವರಿಗೆ ಮೈಮೇಲೆ ಬಂದು ಗೊತ್ತು. ಬೇರೆ ಬೆಳೆಗೆ ಅಷ್ಟೇ ಖಾತ್ರಿಯ ಮಾರುಕಟ್ಟೆ, ಬೇರೆ ಕೆಲಸಕ್ಕೆ ಮನೆಬಾಗಿಲಿಗೆ ಬರುವ ಕೂಲಿ ಕೊಡಿಸುವುದು ಸರ್ಕಾರದ ಹೊಣೆ. ಆ ಹೊಣೆಯನ್ನು ಊರಿನ ಹೆಗಲಿಗೆ ಜಾರಿಸಬಾರದು.

ಊರಿನ ಹೆಗಲಿಗೆ ಸರಿಯಾದ ಭಾರ ಇನ್ನೊಂದಿದೆ. ಬಿಡಬೇಕೆಂದು ಮನಸ್ಸು ಮಾಡಿದವನಿಗೆ ಮೊದಲ ಮೂರು ನಾಲ್ಕು ದಿನ ನರಕ: ಸಿಡುಕು, ತಲೆನೋವು, ನಿದ್ದೆಗೇಡು. ಮೂರು ನಾಲ್ಕು ವಾರ ದಾಟಿದರೆ ದೇಹದ ಬೇಡಿಕೆ ಬಹಳಷ್ಟು ತಗ್ಗುತ್ತದೆ. 1800-11-2356ಕ್ಕೆ ಫೋನ್ ಮಾಡಿದರೆ ಬಿಡುವುದಕ್ಕೆ ನೆರವಾಗುವ ಸಲಹೆ ಉಚಿತವಾಗಿ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರದೊಂದು ಕೇಂದ್ರವಿದೆ. ಆದರೆ ಫೋನ್ ಇಟ್ಟ ಮೇಲೆ ಅವನು ಹೋಗಿ ಕೂರುವುದು ಅದೇ ಕಟ್ಟೆಗೆ. ಪಕ್ಕದವನು "ಒಂದು ದಮ್ಮು ಎಳಿ, ಏನಾಗಲ್ಲ" ಅಂದರೆ ಸಲಹೆಯೆಲ್ಲ ಅಲ್ಲಿಗೇ ಮುಗಿಯಿತು. ಆ ಮೂರು ವಾರ ಅವನ ಮುಂದೆ ಹಚ್ಚದಿರುವ ನಾಲ್ಕು ಜನ ಗೆಳೆಯರು, ಕೂಲಿಯ ಜೊತೆಗೆ ಬೀಡಿಯ ಬದಲು ಚಹಾ ಮತ್ತು ಹುರಿದ ಕಡಲೆಕಾಯಿ ಕೊಡುವ ಜಮೀನಿನವರು, ವಾರಕ್ಕೊಮ್ಮೆ ಬಾಗಿಲಲ್ಲಿ ನಿಂತು "ಹೇಗಿದೀರಣ್ಣ?" ಎಂದು ಕೇಳುವ ಆಶಾ ಕಾರ್ಯಕರ್ತೆ, ಇಷ್ಟಿದ್ದರೆ ಅವನು ದಡ ಸೇರುವ ಸಾಧ್ಯತೆ ಎಷ್ಟೋ ಹೆಚ್ಚು.

ನಮ್ಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಶೌಚಾಲಯ, ಕುಡಿಯುವ ನೀರು, ಆಟದ ಮೈದಾನದ ಜೊತೆಗೆ ಶಾಲೆಯ ಪಕ್ಕದ ಗುಟ್ಕಾ ಅಂಗಡಿಯ ದೂರನ್ನೂ ಮಕ್ಕಳು ಅಲ್ಲಿ ಇಡುತ್ತಾರೆ. ಶಾಲೆಯಿಂದ ನೂರು ಗಜ ಅಳೆದು ಹಳದಿ ಗೆರೆ ಎಳೆಯುವಂತೆ ಕೇಂದ್ರದ ಮಾರ್ಗಸೂಚಿಯೇ ಇದೆ. ಬಣ್ಣದ ಡಬ್ಬಿ ತಂದರೆ ಅರ್ಧ ದಿನದ ಕೆಲಸ. ಆ ಸಭೆಗೆ ಅಧಿಕಾರಿಗಳು, ಸದಸ್ಯರು ಬಂದು ಕೂರುತ್ತಾರೆ. ತಾತಂದಿರನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಬೇಕು, ಅಂಗಡಿಗೆ ಓಡಿ ಬಂದ ಮಗುವಿನ ಮಾತನ್ನು ಅವರೇ ಕೂತು ಕೇಳುವಂತೆ.