ತಿರುವಿನಲ್ಲಿ ನುಡಿಯುವ ಗಾಡಿ

ಕುರುಗೋಡಿನ ದೊಡ್ಡಬಸವೇಶ್ವರನ ತೇರು ನೇರ ಬೀದಿಯಲ್ಲಿ ಸಾಗುವಾಗ ಭಕ್ತರು ಹಗ್ಗ ಹಿಡಿದೆಳೆದರೆ ಸಾಕು. ಅದು ಬದಿಗೆ ಸರಿಯತೊಡಗಿದರೆ ಮಾತ್ರ ಗಾಲಿಯ ಬಳಿ ನಿಂತವರು ಮರದ ತುಂಡುಗಳನ್ನು ಕೊಟ್ಟು ದಾರಿಗೆ ತರಬೇಕಾಗುತ್ತದೆ. ಅಚ್ಚು ನರಳುವುದು ಆಗಲೇ. ನೇರ ನಡೆಯಲ್ಲಿ ಕಾಣದ ಶ್ರಮ ತಿರುವಿನಲ್ಲಿ ಕಾಣುತ್ತದೆ. ಈ ಮಾತು ತೇರಿಗೆಷ್ಟೋ ಮೋಟಾರು ಗಾಡಿಗೂ ಅಷ್ಟೇ ಸಲ್ಲುತ್ತದೆ. ನೇರ ದಾರಿಯಲ್ಲಿ ಮೌನವಾಗಿದ್ದು ತಿರುವಿನಲ್ಲಿ ಮಾತ್ರ ಸದ್ದು ಮಾಡುವ ಹಳೆಯ ಕಾರು, ತನ್ನ ರೋಗದ ಅರ್ಧ ಗುಟ್ಟನ್ನು ತಾನೇ ಬಿಟ್ಟುಕೊಟ್ಟಂತೆ. ಕೇಳುವ ಕಿವಿ ಮಾತ್ರ ಇರಬೇಕು.

ತಿರುವಿನಲ್ಲಿ ನಡೆಯುವುದೇನು? ಎರಡು ಗಾಲಿಗಳ ನಡುವೆ ಸುಮಾರು 1.4 ಮೀಟರು ಅಂತರವಿರುವ ಕಾರೊಂದು ಪೂರ್ತಿ ಒಂದು ಸುತ್ತು ತಿರುಗಿದರೆ, ಹೊರಬದಿಯ ಗಾಲಿ ಒಳಬದಿಯ ಗಾಲಿಗಿಂತ ಸುಮಾರು 8.8 ಮೀಟರು ಹೆಚ್ಚು ದೂರ ಉರುಳಬೇಕು. ಎತ್ತಿನ ಬಂಡಿಗೆ ಇದು ತೊಡಕಲ್ಲ. ಅದರ ಎರಡು ಗಾಲಿಗಳೂ ಅಚ್ಚಿನ ಮೇಲೆ ತಮ್ಮ ತಮ್ಮ ಪಾಡಿಗೆ ಉರುಳುತ್ತವೆ. ಆದರೆ ಎಂಜಿನ್ನಿನ ಬಲ ಎರಡು ಗಾಲಿಗಳಿಗೂ ಸಲ್ಲಬೇಕಾದ ಮೋಟಾರಿನಲ್ಲಿ ಹಾಗೆ ಬಿಟ್ಟುಬಿಡಲಾಗದು. ಅದಕ್ಕಾಗಿಯೇ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಪೆಟ್ಟಿಗೆ ಇರುವುದು. ಫ್ರಾನ್ಸಿನ ಪೆಕರ್ ಎಂಬಾತ 1820ರ ದಶಕದಲ್ಲಿಯೇ ತನ್ನ ಉಗಿಬಂಡಿಗೆ ಇದನ್ನು ಯೋಜಿಸಿದ್ದನು. ಇದರ ಒಳಗಿನ ಚಿಕ್ಕ ಚಕ್ರಗಳು ನೇರ ದಾರಿಯಲ್ಲಿ ಹೆಚ್ಚುಕಡಿಮೆ ವಿಶ್ರಾಂತಿಯಲ್ಲಿದ್ದು, ತಿರುವಿನಲ್ಲಿ ಮಾತ್ರ ದುಡಿಯತೊಡಗುತ್ತವೆ. ಇದಲ್ಲದೆ ತಿರುವಿನಲ್ಲಿ ಗಾಡಿಯ ಭಾರ ಹೊರಬದಿಗೆ ವಾಲುತ್ತದೆ. ಮುಂಗಾಲಿಗಳ ಕೀಲುಗಳು ಮಡಿಚಿಕೊಳ್ಳುತ್ತವೆ. ಸವೆದ ಭಾಗ ಯಾವುದೇ ಇರಲಿ, ಅದು ಬಾಯಿ ಬಿಡುವ ಸಮಯ ಇದೇ.

ಬಳ್ಳಾರಿಯ ಸೀಮೆಯಲ್ಲಿ ಈ ಸವೆತಕ್ಕೆ ಕಾರಣಗಳು ಹಲವು. ಬೇಸಗೆಯಲ್ಲಿ 40 ಡಿಗ್ರಿ ಮೀರುವ ಬಿಸಿಲು ರಬ್ಬರನ್ನು ಒಣಗಿಸಿ ಬಿರುಕು ಬಿಡಿಸುತ್ತದೆ. ಸಿರುಗುಪ್ಪದ ಗದ್ದೆಬಯಲಿನ ಎರೆಮಣ್ಣು ಮಳೆಗಾಲದಲ್ಲಿ ಗಾಲಿಗೆ ಮೆತ್ತಿಕೊಂಡು, ಒಣಗಿದ ಮೇಲೆ ಕಲ್ಲಿನಂತಾಗುತ್ತದೆ. ಬಿರಿದ ರಬ್ಬರಿನ ಸಂದಿನಲ್ಲಿ ದೂಳು ಒಳಸೇರಿ ಗ್ರೀಸಿನೊಡನೆ ಬೆರೆತರೆ, ಆ ಗ್ರೀಸೇ ಸಾಣೆಯ ಕೆಲಸ ಮಾಡತೊಡಗುತ್ತದೆ.

ಸದ್ದು ಕೇಳಿದೊಡನೆ ಗ್ಯಾರೇಜಿಗೆ ಓಡುವವರು ಬಹುಮಂದಿ. "ಮೇಸ್ತ್ರಿ, ಮುಂದ್ಗಡೆ ಏನೋ ಸದ್ದು ಬರ್ತೈತಿ, ನೋಡ್ರಿ" ಎಂದಿಷ್ಟೇ ಹೇಳಿ ಕೀಲಿಕೈ ಕೊಟ್ಟುಬಿಡುತ್ತಾರೆ. ಮೇಸ್ತ್ರಿಯಾದರೂ ಏನು ಮಾಡಿಯಾನು? ಒಂದು ಭಾಗವನ್ನು ಬದಲಿಸಿ ನೋಡುತ್ತಾನೆ. ಸದ್ದು ಉಳಿದರೆ ಇನ್ನೊಂದನ್ನು ಬದಲಿಸುತ್ತಾನೆ. ಕೊನೆಗೆ ಕಾರಿನ ಬೆಲೆಗಿಂತ ರಿಪೇರಿಯ ಲೆಕ್ಕವೇ ದೊಡ್ಡದಾಗುವುದುಂಟು. ವೈದ್ಯನ ಬಳಿ ಹೋಗುವ ರೋಗಿ ನೋವು ಎಲ್ಲಿ, ಎಂದು, ಹೇಗೆ ಎಂದು ಹೇಳುವಂತೆ ಕಾರಿನೊಡೆಯನೂ ಐದು ಸಂಗತಿಗಳನ್ನು ಗಮನಿಸಿ ಚೀಟಿಯಲ್ಲಿ ಬರೆದೊಯ್ಯುವುದು ಲೇಸು. ಸದ್ದು ಎಡಕ್ಕೆ ತಿರುಗುವಾಗಲೋ ಬಲಕ್ಕೋ? ನಿಧಾನದಲ್ಲೋ ವೇಗದಲ್ಲೋ? ಆಕ್ಸಿಲರೇಟರ್ ಒತ್ತಿದಾಗಲೋ, ಬಿಟ್ಟಾಗಲೋ, ಬ್ರೇಕ್ ಹಾಕಿದಾಗಲೋ? ಗಾಡಿ ನಿಂತಿರುವಾಗ ಸ್ಟಿಯರಿಂಗ್ ತಿರುಗಿಸಿದರೂ ಬರುತ್ತದೆಯೋ? ಗಾಲಿಯ ಸುತ್ತಿನೊಡನೆ ತಾಳ ಹಿಡಿಯುತ್ತದೆಯೋ ಇಲ್ಲವೋ?

ಇದಕ್ಕೂ ಮೊದಲು ಖರ್ಚಿಲ್ಲದ ಎರಡು ಪರೀಕ್ಷೆಗಳುಂಟು. ಹಿಂಬದಿಯ ಡಿಕ್ಕಿಯಲ್ಲಿ ಜಾಕು, ಪಾನೆ, ನೀರಿನ ಡಬ್ಬಿಗಳು ಅತ್ತಿತ್ತ ಹೊರಳುತ್ತಿಲ್ಲವಷ್ಟೆ ಎಂದು ನೋಡಬೇಕು. ಬಳಿಕ ನಾಲ್ಕೂ ಗಾಲಿಗಳ ನಟ್ಟುಗಳು ಬಿಗಿಯಾಗಿವೆಯೇ ಎಂದು ಪರೀಕ್ಷಿಸಬೇಕು. ಮೊದಲನೆಯದು ನಗೆಗೆ ಕಾರಣವಾದೀತು. ಎರಡನೆಯದನ್ನು ಮರೆತರೆ ಅಳುವ ಪ್ರಸಂಗ ಬಂದೀತು.

ಇನ್ನು ಸದ್ದುಗಳ ಲಕ್ಷಣ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ 'ಟಕ್ ಟಕ್' ಎಂದು ಗಾಲಿಯ ವೇಗಕ್ಕೆ ತಕ್ಕಂತೆ ಬಡಿತ ಕೇಳಿದರೆ, ಮುಂಗಾಲಿಗಳಿಗೇ ಎಂಜಿನ್ ಬಲ ಸಲ್ಲುವ ಗಾಡಿಗಳಲ್ಲಿ ಅದು ಬಹುಮಟ್ಟಿಗೆ ಸಿವಿ ಜಾಯಿಂಟಿನ ಸವೆತ. 1983ರ ಕೊನೆಯಲ್ಲಿ ರಸ್ತೆಗಿಳಿದು 2014ರ ಆರಂಭದಲ್ಲಿ ತಯಾರಿಕೆ ನಿಂತ ಮಾರುತಿ 800 ಈ ಜಾತಿಯದು. 1926ರಲ್ಲಿ ಅಮೆರಿಕದ ಎಂಜಿನಿಯರ್ ಆಲ್ಫ್ರೆಡ್ ಝೆಪ್ಪಾ ರೂಪಿಸಿದ ಈ ಕೀಲಿನಲ್ಲಿ ಆರು ಉಕ್ಕಿನ ಗುಂಡುಗಳು ತೋಡುಗಳಲ್ಲಿ ಹರಿಯುತ್ತವೆ. ಗ್ರೀಸನ್ನು ಕಾಪಾಡುವ ರಬ್ಬರಿನ ಬೂಟು ಹರಿದರೆ ಗುಂಡುಗಳ ಗತಿ ಮುಗಿಯಿತೆಂದೇ ಲೆಕ್ಕ. ಗಾಲಿಯ ಒಳಮೈಯಲ್ಲಿ ಗ್ರೀಸು ಸಿಡಿದಿದ್ದರೆ ಸಾಕ್ಷಿ ಸಿಕ್ಕಂತೆ. ಬೂಟು ಹರಿದಾಗಲೇ ಕಂಡುಹಿಡಿದು ಬದಲಿಸಿದರೆ ಅಲ್ಪ ವೆಚ್ಚ. ಸದ್ದು ಬಂದ ಮೇಲಾದರೆ ಕೀಲನ್ನೇ ಬದಲಿಸಬೇಕು.

ಆದರೆ ಅಂಬಾಸಿಡರ್ ಅಥವಾ ಪದ್ಮಿನಿಯ ಒಡೆಯನಿಗೆ ಯಾರಾದರೂ ಮುಂಗಾಲಿಯ ಸಿವಿ ಜಾಯಿಂಟ್ ಹೋಗಿದೆ ಎಂದರೆ ಅವನು ನಂಬಬಾರದು. ಆ ಗಾಡಿಗಳಲ್ಲಿ ಬಲ ಸಲ್ಲುವುದು ಹಿಂಗಾಲಿಗೆ. ಮುಂದೆ ಆ ಕೀಲೇ ಇಲ್ಲ! ಅಲ್ಲಿ ತಿರುವಿನಲ್ಲಿ ಮಾತ್ರ ಹಿಂಬದಿಯಿಂದ ಗರಗರ ಸದ್ದು ಬಂದರೆ ಡಿಫರೆನ್ಷಿಯಲ್ಲಿನ ಎಣ್ಣೆಯ ಮಟ್ಟವನ್ನು ಮೊದಲು ನೋಡಬೇಕು. ಎಣ್ಣೆಯಲ್ಲಿ ಉಕ್ಕಿನ ಚೂರು ಹೊಳೆದರೆ ಪೆಟ್ಟಿಗೆ ಬಿಚ್ಚದೆ ಬೇರೆ ಹಾದಿಯಿಲ್ಲ.

ವೇಗದಲ್ಲಿ 'ಗುಂಯ್' ಎಂಬ ಮೊರೆತವಿದ್ದು, ಅದು ಒಂದು ಬದಿಗೆ ತಿರುಗುವಾಗ ಹೆಚ್ಚಿ ಇನ್ನೊಂದು ಬದಿಗೆ ತಿರುಗುವಾಗ ತಗ್ಗಿದರೆ ಗಾಲಿಯ ಬೇರಿಂಗನ್ನು ಸಂಶಯಿಸಬೇಕು. ಎಡಕ್ಕೆ ತಿರುಗುವಾಗ ಭಾರ ಬಲಗಾಲಿಯ ಮೇಲೆ ಬೀಳುವುದರಿಂದ, ಆಗ ಮೊರೆತ ಹೆಚ್ಚಿದರೆ ಸಾಮಾನ್ಯವಾಗಿ ಬಲಬದಿಯ ಬೇರಿಂಗೇ ದೋಷಿ. ಜಾಕಿನ ಮೇಲೆತ್ತಿ ಗಾಲಿಯನ್ನು ಕೈಯಿಂದ ತಿರುಗಿಸಿದರೆ ಒರಟುತನ ಬೆರಳಿಗೇ ತಿಳಿಯುತ್ತದೆ. ಜಾಕನ್ನು ಗಟ್ಟಿ ನೆಲದ ಮೇಲಿಟ್ಟು, ಮಿಕ್ಕ ಗಾಲಿಗಳಿಗೆ ಕಲ್ಲು ಕೊಟ್ಟಿರಬೇಕು. ಹಸಿಯಾದ ಎರೆಮಣ್ಣಿನ ಮೇಲೆ ಜಾಕು ನಿಲ್ಲದು. ಬರಿಯ ಜಾಕನ್ನು ನಂಬಿ ಗಾಡಿಯಡಿ ನುಸುಳುವುದಂತೂ ಪ್ರಾಣದೊಡನೆ ಜೂಜಾಟ.

ಪವರ್ ಸ್ಟಿಯರಿಂಗ್ ಉಳ್ಳ ಗಾಡಿಯಲ್ಲಿ ಸ್ಟಿಯರಿಂಗ್ ತಿರುಗಿಸಿದಾಗ ನರಳಿಕೆ ಬಂದರೆ ಅದರ ಎಣ್ಣೆ ತಗ್ಗಿರಬಹುದು. ಕಿರುಚಿದರೆ ಬೆಲ್ಟು ಜಾರುತ್ತಿರಬಹುದು. ಕೆರೆಯುವ ಸದ್ದಾದರೆ ಟಯರು ಮಡ್‌ಗಾರ್ಡಿಗೆ ಉಜ್ಜುತ್ತಿರಬಹುದು, ಇಲ್ಲವೇ ಬ್ರೇಕಿನ ತಗಡಿನಲ್ಲಿ ಕಲ್ಲು ಸಿಕ್ಕಿರಬಹುದು. ನಿಂತಲ್ಲೇ ತಿರುಗಿಸಿದಾಗ 'ಕಿರ್' ಎಂದರೆ ಒಣಗಿದ ರಬ್ಬರ್ ಬುಷ್ಷುಗಳೂ ಗ್ರೀಸು ಕಾಣದ ಕೀಲುಗಳೂ ನೆನಪಿಗೆ ಬರಬೇಕು. ಹಳೆಯ ಗಾಡಿಗಳ ಗ್ರೀಸ್ ನಿಪ್ಪಲ್ಲುಗಳನ್ನು ಮಣ್ಣು ಮುಚ್ಚಿಕೊಂಡಿದ್ದರೆ ಅವು ಇರುವುದೇ ಮರೆತುಹೋಗುತ್ತದೆ.

ಗದ್ದೆಗಿಳಿಯುವ ಟ್ರಾಕ್ಟರಿನ ಮಾತು ಬೇರೆ. ಕೆಸರಿನಲ್ಲಿ ಒಂದು ಗಾಲಿ ಸುಮ್ಮನೆ ತಿರುಗತೊಡಗಿದಾಗ ಎರಡನ್ನೂ ಒಂದಾಗಿ ಬಂಧಿಸಲು ಡಿಫರೆನ್ಷಿಯಲ್ ಲಾಕ್ ಉಂಟು. ಅದನ್ನು ಬಿಡಿಸದೆ ಗಟ್ಟಿ ರಸ್ತೆಯಲ್ಲಿ ತಿರುಗಿಸಿದರೆ ಟಯರು ಚೀರುತ್ತದೆ, ಹಲ್ಲುಚಕ್ರ ಮುರಿಯಲೂಬಹುದು. ನಾಲ್ಕೂ ಗಾಲಿಗೆ ಬಲ ಕೊಟ್ಟ ಹಳೆಯ ಜೀಪೂ ಡಾಂಬರಿನ ತಿರುವಿನಲ್ಲಿ ಇದೇ ರೀತಿ ಮುನಿಯುತ್ತದೆ. ಇಲ್ಲಿ ರೋಗ ಯಂತ್ರದ್ದಲ್ಲ, ಓಡಿಸುವವನ ಮರೆವಿನದು.

ಎಲ್ಲಕ್ಕಿಂತ ಅಂಜಬೇಕಾದುದು ಮುಂಬದಿಯಿಂದ ಬರುವ 'ಢಬ್' ಎಂಬ ಒಂಟಿ ಹೊಡೆತಕ್ಕೆ. ಅದರಲ್ಲೂ ಸ್ಟಿಯರಿಂಗ್ ಸಡಿಲವೆನಿಸಿದರೆ, ಇಲ್ಲವೇ ಗಾಡಿ ಒಂದು ಬದಿಗೆ ಎಳೆದರೆ. ಬಾಲ್ ಜಾಯಿಂಟೋ ಟೈರಾಡಿನ ತುದಿಯೋ ಸವೆದು ಕಳಚಿದಲ್ಲಿ ಮುಂಗಾಲಿ ಚಾಲಕನ ಮಾತು ಕೇಳದು. ಸಿರುಗುಪ್ಪದಿಂದ ಬಳ್ಳಾರಿಗೆ ಸುಮಾರು 55 ಕಿಲೋಮೀಟರು. ದಾರಿಯಲ್ಲಿ ಎದುರಿಗೆ ಭತ್ತದ ಲಾರಿಗಳು, ಪಕ್ಕದಲ್ಲಿ ಕಾಲುವೆಗಳು. ಅಂಥ ಸದ್ದು ಕೇಳಿದ ಮೇಲೂ "ಬಳ್ಳಾರಿ ಮುಟ್ಟಲಿ, ಅಲ್ಲೇ ತೋರಿಸಿದರಾಯಿತು" ಎಂದು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಡುವುದು ಧೈರ್ಯವಲ್ಲ, ಅವಿವೇಕ. ಮೇಸ್ತ್ರಿಯನ್ನು ಗಾಡಿಯಿದ್ದಲ್ಲಿಗೇ ಕರೆಸಬೇಕು, ಇಲ್ಲವೇ ಗಾಡಿಯನ್ನು ಬೇರೆ ವಾಹನದ ಮೇಲೇರಿಸಿ ಸಾಗಿಸಬೇಕು.

1988ರ ಮೋಟಾರು ವಾಹನ ಕಾಯಿದೆಯಂತೆ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ; ಆ ಬಳಿಕ ನವೀಕರಣ ಐದೈದು ವರ್ಷಗಳಿಗೆ. ಆದರೆ ಕೀಲುಗಳು ಕಾಯಿದೆಯ ಗಡುವನ್ನು ನೋಡಿ ಸವೆಯುವುದಿಲ್ಲ. ಪ್ರತಿ ಮಳೆಗಾಲ ಮುಗಿದ ಮೇಲೊಮ್ಮೆ ಗಾಡಿಯ ಅಡಿಮೈಯನ್ನು ತೊಳೆಸಿ, ರಬ್ಬರಿನ ಬೂಟುಗಳನ್ನು ದೀಪ ಹಿಡಿದು ನೋಡಿ, ಬೇಕಾದೆಡೆ ಗ್ರೀಸು ತುಂಬಿಸುವವನಿಗೆ ಹಳೆಯ ಗಾಡಿಯೂ ಬಹುಕಾಲ ನಂಬಿಕೆಯಿಂದ ದುಡಿಯುತ್ತದೆ. ರೇಡಿಯೋ ಧ್ವನಿಯನ್ನು ಏರಿಸಿದರೆ ಸದ್ದು ಕಿವಿಗೆ ಬೀಳದಿರಬಹುದು. ಸವೆತ ಮಾತ್ರ ನಿಲ್ಲದು.